ಚಂದ್ರವಳ್ಳಿ ಕೆರೆ ದಂಡೆಯಲ್ಲಿ ಓಡಲು ಕಲಿತದ್ದು

ಡಾಂಬರು ರಸ್ತೆಯಲ್ಲಿ ನಾನು ಒಂದು ಕಿಲೋಮೀಟರನ್ನು 6 ನಿಮಿಷಕ್ಕೆ ಓಡುತ್ತಿದ್ದೆ. ಚಿತ್ರದುರ್ಗದ ಚಂದ್ರವಳ್ಳಿಗೆ ಬಂದ ಮೊದಲ ದಿನ ಅದು 9 ಆಯಿತು. ಎರಡನೇ ದಿನ ಬಿದ್ದೆ.

ಕೆರೆ ಪಕ್ಕದ ಗುಡ್ಡ ಸ್ವಲ್ಪ ಹತ್ತಿ ವಾಪಸ್ ಇಳಿಯುವಾಗ ಒಂದು ಓರೆ ಬಂಡೆ ಸಿಗುತ್ತದೆ. ಒಣಗಿದ ಬಂಡೆ, ಎಲ್ಲಿ ಜಾರುತ್ತೆ ಅನ್ನಿಸುತ್ತೆ ಅಲ್ವಾ? ಆದರೆ ಬಂಡೆಯೇ ಸವೆದು ಉದುರಿದ ಸಣ್ಣ ಗರಸು ಅದರ ಮೇಲೆ ಹರಡಿರುತ್ತದೆ. ಚೆಲ್ಲಿದ ರಾಗಿ ಮೇಲೆ ಕಾಲಿಟ್ಟ ಹಾಗೆ. ಹಿಮ್ಮಡಿ ಊರಿದ್ದೇ ತಡ, ಸರ್ರನೆ ಜಾರಿ ಕೂತೆ. ಅಂಗೈ ತರಚಿಹೋಯಿತು.

ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ನಗಲಿಲ್ಲ. “ಕಾಲ ಬುಡ ನೋಡ್ಕಂಡು ಓಡಿದ್ರೆ ಬೀಳ್ತೀಯಪ್ಪ. ಎಲ್ಡು ಮಾರು ಮುಂದೆ ನೋಡು. ಕಾಲು ತಾನೇ ಜಾಗ ಹುಡುಕ್ಕಂತೈತೆ” ಅಂದರು.

ಎರಡು ಮಾರು ಅಂದರೆ ಸುಮಾರು 12 ಅಡಿ. ಮೊದಮೊದಲು ಕಣ್ಣು ಮತ್ತೆ ಮತ್ತೆ ಶೂ ಕಡೆಗೇ ಬರುತ್ತಿತ್ತು. ಒಂದು ವಾರ ಓಡಲಿಲ್ಲ, ಆ ಇಳಿಜಾರಿನಲ್ಲಿ ಸುಮ್ನೆ ನಡೆದೆ. ಆಮೇಲೆ ಹೆಜ್ಜೆ ಅರ್ಧ ಮಾಡಿಕೊಂಡೆ. ಹಿಮ್ಮಡಿ ಬದಲು ಪಾದದ ನಡುಭಾಗ ಊರಿದೆ, ಕೈ ಎರಡೂ ಸ್ವಲ್ಪ ಅಗಲ. ನೋಡಿದವರಿಗೆ ಕೋಳಿ ಓಡಿದ ಹಾಗೆ ಕಂಡಿರಬೇಕು. ಆದರೆ ಮತ್ತೆ ಬೀಳಲಿಲ್ಲ. ಏರು ಬಂದರೆ ಈಗಲೂ ನಡೆಯುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ಶೂ ಮಾತ್ರ ಬದಲಾಯಿಸಿದೆ. ಅಡಿಯಲ್ಲಿ ರಬ್ಬರ್ ಹಲ್ಲು ಇರುವುದು ಬೇಕೇ ಬೇಕು.

ನನ್ನ ದಾರಿ ತುಂಬಾ ಸರಳ. ಕೆರೆ ದಂಡೆ, ಅಲ್ಲಿಂದ ಅಂಕಲಿ ಮಠದ ಕಡೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಕೆರೆ ಚಿಕ್ಕದು, ಅದಕ್ಕೇ ಮೂರು ನಾಲ್ಕು ಸಲ ಹೋಗಿ ಬರುತ್ತೇನೆ. ಬೇಜಾರಾಗುವುದಿಲ್ಲ. ಒಂದು ಕಡೆ ನೀರು, ಸುತ್ತಲೂ ಗುಡ್ಡ. ಗಾಳಿ ಇಲ್ಲದ ದಿನ ಬಂಡೆಗಳೆಲ್ಲ ನೀರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಅದನ್ನು ನೋಡಬೇಕೆಂದರೆ ನಿಲ್ಲಿ. ಓಡುತ್ತಾ ನೋಡಿದರೆ ಅಜ್ಜನ ಮಾತು ಮರೆತ ಹಾಗೆ.

ನಾನು ಉಸಿರು ತೆಗೆದುಕೊಳ್ಳಲು ನಿಲ್ಲುವುದು ಭೈರವೇಶ್ವರ ಗುಡಿ ಹತ್ತಿರ. ಅಲ್ಲಿನ ಬಂಡೆ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನ ಇದೆ, 4ನೇ ಶತಮಾನದ್ದು. ಬರೀ ಮೂರು ಸಾಲು. ಯಾರು ಯಾರನ್ನು ಗೆದ್ದ ಅನ್ನುವುದರ ಜೊತೆಗೆ ಕೆರೆ ಕೆಲಸದ ಮಾತೂ ಅದರಲ್ಲಿದೆ. ರಾಜನಿಗೂ ಇಲ್ಲಿ ನೀರೇ ದೊಡ್ಡ ವಿಷಯ ಆಗಿತ್ತು ನೋಡಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದೂ ಇದೇ ಚಂದ್ರವಳ್ಳಿಯಲ್ಲಿ.

ಕತ್ತಲಲ್ಲಿ ಮಾತ್ರ ಹೋಗಬೇಡಿ. ದುರ್ಗದ ಗುಡ್ಡಗಳಲ್ಲಿ ಕರಡಿ ಇವೆ, ಚಿರತೆಯೂ ಇದೆ. ಚೆನ್ನಾಗಿ ಬೆಳಕು ಹರಿದ ಮೇಲೆ, ಇಬ್ಬರು ಸೇರಿ ಹೋದರೆ ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲು ಏರುವ ಮುಂಚೆ ಮುಗಿಸಿ, ಬಂಡೆ ಕಾದರೆ ಮೇಲಿಂದಲೂ ಕೆಳಗಿಂದಲೂ ಬೇಯುತ್ತೀರಿ. ನನಗೆ ಇಷ್ಟ ಮಳೆಗಾಲ ಮುಗಿದ ಮೇಲಿನ ದಿನಗಳು.

ಬಾಳೆಹಣ್ಣು ಕೈಯಲ್ಲಿ ಹಿಡಿದು ಹೋಗಬೇಡಿ, ಮಂಗಗಳು ಬಿಡುವುದಿಲ್ಲ. ಜೇಬಲ್ಲಿ ಒಂದು ಪಿನ್ನು ಇರಲಿ. ಜಾಲಿ ಮುಳ್ಳು ಶೂ ಅಡಿ ತೂರಿ ಪಾದಕ್ಕೇ ತಾಗುತ್ತದೆ. ನಾನು ಬಿದ್ದ ಬಂಡೆ ಮೇಲೆಯೇ ಈಗ ಕೂತು ತೆಗೆಯುತ್ತೇನೆ.