ಹಂಚಿನ ಮೇಲಿನ ಇಸವಿ ನಂಬಿ ದೇವಾಲಯದ ಚರಿತ್ರೆ ಬರೆಯಬೇಡಿ

ನಾನು ಬರೆದಿದ್ದೆ. ಮಲ್ಪೆ ಕಡೆಯ ನಮ್ಮ ಕ್ರೈಸ್ತ ಸಭೆಯ ಸ್ಮರಣ ಸಂಚಿಕೆಗೆಂದು ಏಣಿ ಹತ್ತಿ ದೇವಾಲಯದ, ಅಂದರೆ ನಮ್ಮ ಚರ್ಚಿನ, ಹಂಚು ತಿರುಗಿಸಿದರೆ 1865 ಎಂದಿತ್ತು. ಅದನ್ನೇ ದೇವಾಲಯದ ಹುಟ್ಟಿದ ವರ್ಷ ಎಂದು ಅಚ್ಚು ಹಾಕಿಸಿದೆ. ಅದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ, ಅಷ್ಟೇ. ಕಾಮನ್‌ವೆಲ್ತ್ ಹೆಸರಿನ ಹಂಚಾದರೆ, ಮೊದಲ ಮಹಾಯುದ್ಧದಿಂದಾಗಿ ಕಾರ್ಖಾನೆ ಮಿಶನ್‌ನವರ ಕೈತಪ್ಪಿದ ಮೇಲಿನದು.

ಹಂಚಿಗಿಂತ ಮರ ನೋಡಿ. ಗೋಡೆ ಮುರಕಲ್ಲಿನದಾದರೂ (ಜಂಬಿಟ್ಟಿಗೆ) ಮಾಡು, ಅಂದರೆ ಛಾವಣಿ, ನಿಂತಿರುವುದು ಮರದ ಮೇಲೆ. ಒಬ್ಬ ಹಳೇ ಆಚಾರಿಯನ್ನು ಜೊತೆಗೆ ಕರೆದೊಯ್ಯಿರಿ. ಬಾಚಿಯ ಏಟು ಏರುತಗ್ಗಾಗಿ ಕಾಣುವ ಪಕ್ಕಾಸು (ಮಾಡಿನ ಇಳಿಜಾರು ಮರ) ಕೈಕೆಲಸದ್ದು, ಗೆರೆ ಎಳೆದಂತಿರುವುದು ಮಿಲ್ಲಿನದು. ಏನೂ ಕೂಡದ ಖಾಲಿ ತೂತುಗಳಿರುವ ತೊಲೆ ಬೇರೆಲ್ಲಿಂದಲೋ ಬಿಚ್ಚಿ ತಂದದ್ದಿರಬಹುದು. ಒರಲೆ (ಗೆದ್ದಲು) ಹಿಡಿದು ಬದಲಾಯಿಸಿದ ರೀಪುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಆಮೇಲೆ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್. ಮೊದಲ ಹೆಸರಿನ ತಾರೀಕು ಸಭೆಯದ್ದು, ಕಟ್ಟಡದ್ದಲ್ಲ. ಕಟ್ಟಡ ಏಳುವ ಮೊದಲು ಶಾಲೆಯಲ್ಲೋ ಮುಳಿಹುಲ್ಲಿನ ಮಾಡಿನಡಿಯೋ ಆರಾಧನೆ ನಡೆದಿರಬಹುದು. ಪುಟಗಳನ್ನು ಜೆರಾಕ್ಸ್ ಯಂತ್ರಕ್ಕೆ ಒತ್ತಬೇಡಿ. ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ.

ಸಭಾಪಾಲಕರ ಪತ್ರ ಹಿಡಿದು ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೂ ಹೋಗಿ. 1834ರಲ್ಲಿ ಬಾಸೆಲ್ ಮಿಶನ್‌ನ ಮೊದಲ ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದ ಮೇಲಿನ ಕಥೆಯ ಎಳೆಗಳು ಅಲ್ಲಿ ಸಿಗುತ್ತವೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಹಳೇ ಫೋಟೋಗಳನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಸಮಾಧಿಕಲ್ಲು ಜರ್ಮನ್‌ನಲ್ಲಿದ್ದರೆ ‘ಗೆಬೋರೆನ್’ ಎಂದರೆ ಹುಟ್ಟಿದ್ದು, ‘ಗೆಷ್ಟೋರ್ಬೆನ್’ ಎಂದರೆ ತೀರಿಕೊಂಡದ್ದು. ಇನ್ನು, ಜರ್ಮನರು ಕಟ್ಟಿದ್ದೆಂದು ಸುಮ್ಮನೆ ‘ಲೂಥರನ್’ ಎಂದು ಬರೆದುಬಿಡಬೇಡಿ. ಬಾಸೆಲ್ ಮಿಶನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್‌ನವರೂ, ಅಂದರೆ ಎರಡು ಪ್ರಾಟೆಸ್ಟಂಟ್ ಪಂಗಡದವರೂ, ಕೂಡಿಯೇ ಇದ್ದರು.

ಕೊನೆಗೆ ಹಿರಿಯರು. ತುಳುವಿನಲ್ಲೇ ಮಾತಾಡಿಸಿ. ಮಾಡು ರಿಪೇರಿಯಾದದ್ದು ಯಾವ ವರ್ಷ ಎಂದು ಕೇಳಿದರೆ ‘ಯಾರಿಗೆ ನೆನಪು ಮಾರಾಯ’ ಎನ್ನುತ್ತಾರೆ. ನಿಮ್ಮ ಮದುವೆಗೆ ಮೊದಲೋ ಆಮೇಲೋ ಎಂದು ಕೇಳಿ. ನಮ್ಮ ಅತ್ತೆ ತಟ್ಟನೆ ಹೇಳಿದರು: “ಆ ದಿನ ಮಾಡಿಗೆ ಹಂಚೇ ಇರಲಿಲ್ಲ, ಎಲ್ಲ ಇಳಿಸಿದ್ದರು. ಹೊರಗೆ ಚಪ್ಪರದಲ್ಲೇ ನಮ್ಮ ಮದುವೆ ಆದದ್ದು.” ಮದುವೆ ರಿಜಿಸ್ಟರ್ ತೆಗೆದೆ, ತಾರೀಕು ಸಿಕ್ಕಿತು.