ಜೀಪಿನ ಹೊಟ್ಟೆಯೊಳಗಿನ ತುಕ್ಕು: ಮೇಣ ಹೊಡೆಯುವುದು ಹೀಗೆ

ಮೂಡಿಗೆರೆ, ಸಕಲೇಶಪುರ, ಕಳಸದ ಕಡೆ ಹಳೇ ಜೀಪು, ಅಂಬಾಸಿಡರ್‌ಗಳನ್ನು ಬಿಚ್ಚಿ ಹೊಸದು ಮಾಡಿಸುವವರು ಬಹಳ. ಪೇಂಟಿಂಗ್ ಮುಗಿದ ದಿನ ಗಾಡಿ ಮದುಮಗನ ಹಾಗೆ ಹೊರಗೆ ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಕೆಳ ಅಂಚಿನಲ್ಲೂ ಫ್ಲೋರಿನ ಮೂಲೆಯಲ್ಲೂ ಗುಳ್ಳೆ ಏಳುತ್ತದೆ. ಬೈಗುಳ ಪೇಂಟರ್‌ಗೆ. ಅವನ ತಪ್ಪು ಅಷ್ಟಿರುವುದಿಲ್ಲ. ತುಕ್ಕು ಹುಟ್ಟಿದ್ದು ತಗಡಿನ ಒಳಮೈಯಲ್ಲಿ. ಅಲ್ಲಿಂದ ತಿನ್ನುತ್ತಾ ಬಂದು ಕೊನೆಗೆ ಪೇಂಟನ್ನು ಎತ್ತಿದೆ.

ಕಾರಣ ಸರಳ. ಪ್ಯಾಚ್ ಹಾಕಿ ವೆಲ್ಡ್ ಮಾಡುವಾಗ ಹೊರಗೆ ಎಷ್ಟು ಬಿಸಿಯೋ ಒಳಗೂ ಅಷ್ಟೇ ಬಿಸಿ. ಒಳಗೆ ಹಚ್ಚಿದ್ದ ಪ್ರೈಮರ್ ಅಲ್ಲಿ ಸುಟ್ಟು ಬರಿ ಕಬ್ಬಿಣ ಉಳಿಯುತ್ತದೆ. ಹೊರಗನ್ನು ಗ್ರೈಂಡ್ ಮಾಡಿ ಪುಟ್ಟಿ ಹಾಕುತ್ತಾರೆ, ಒಳಗೆ ಕೈ ಹೋಗುವುದಿಲ್ಲ. ಅದರ ಮೇಲೆ ನಮ್ಮ ಮಳೆ, ಕೆಮ್ಮಣ್ಣು, ತೋಟದ ಗೊಬ್ಬರ. ಪೊಟ್ಯಾಷ್ ಮೂಟೆ ಹೇರುವ ಗಾಡಿಯ ಹಿಂಭಾಗ ಬೇಗ ತೂತಾಗುವುದು ಸುಮ್ಮನೆ ಅಲ್ಲ. ಆ ಗೊಬ್ಬರದಲ್ಲಿರುವುದು ಕ್ಲೋರೈಡ್ ಉಪ್ಪು. ಅದು ಗಾಳಿಯ ತೇವ ಹೀರಿ ಕರಗಿ ಜಾಯಿಂಟಿನೊಳಗೆ ಇಳಿಯುತ್ತದೆ.

ಇದಕ್ಕೆ ಮದ್ದು ತಗಡಿನ ಒಳಮೈಗೆ ಮೇಣ ಹೊಡೆಯುವುದು. ಆ ಕೆಲಸಕ್ಕೆ ಕಾಲ ಫೆಬ್ರುವರಿಯಿಂದ ಏಪ್ರಿಲ್, ಕಾಫಿ ಕೊಯ್ಲು ಮುಗಿದ ಮೇಲೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಎರಡು ದಿನ ಕೈಬಿಡಿ. ಮೃಗಶಿರಾ ಹಿಡಿದ ಮೇಲೆ ಶುರು ಮಾಡುವುದು ವ್ಯರ್ಥ.

ವೆಲ್ಡಿಂಗ್‌ಗೆ ಮೊದಲು

ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಮ್ಯಾಗ್ನೆಟ್ ಹಿಡಿಯದ ಕಡೆ ಹಳೇ ಪುಟ್ಟಿ ಕೂತಿದೆ. ಜೀಪಾದರೆ ಫ್ಲೋರಿನ ಅಡಿಯ ಚಾನಲ್‌ಗಳು, ಅಂಬಾಸಿಡರ್ ಆದರೆ ಬಾಗಿಲ ಹೊಸ್ತಿಲಿನ ಕೆಳಗಿನ ಬಾಕ್ಸ್ (ಸುತ್ತಲೂ ತಗಡು ಮುಚ್ಚಿದ ಟೊಳ್ಳು ಭಾಗ), ಬಾಗಿಲುಗಳ ತಳ, ವೀಲ್ ಆರ್ಚ್ ಹಿಂದಿನ ಮೂಲೆ: ಇವಿಷ್ಟನ್ನು ಬಿಡದೆ ನೋಡಿ. ಫೋನಿಗೆ ಸಿಕ್ಕಿಸುವ ಸಣ್ಣ ಪೈಪ್ ಕ್ಯಾಮೆರಾ ಒಂದು ಕೊಳ್ಳಿ, ಕಣ್ಣು ಹೋಗದಲ್ಲಿ ಅದು ಹೋಗುತ್ತದೆ.

ಕೊಳೆತದ್ದನ್ನು ಕತ್ತರಿಸಿ ತೆಗೆಯಿರಿ. ಅದರ ಮೇಲೆಯೇ ಹೊಸ ತಗಡು ಹೊದಿಸಿದರೆ ನಡುವೆ ನೀರು ನಿಲ್ಲುವ ಚೀಲ ಮಾಡಿಕೊಟ್ಟಂತೆ. ಒಂದರ ಮೇಲೊಂದು ಕೂರುವ ಅಂಚುಗಳಿಗೆ ವೆಲ್ಡಿಂಗ್ ಬಿಸಿ ತಾಳುವ ಸತುವಿನ ಪ್ರೈಮರ್ ತೆಳ್ಳಗೆ ಹೊಡೆಯಿರಿ. ಗ್ಯಾಸ್ ಬಿಡುತ್ತಾ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಆದರೆ ಟಾಕಾ ಬೀಳುವ ಜಾಗವನ್ನು ಮಾತ್ರ ಕೆರೆದುಕೊಳ್ಳಬೇಕು, ಇಲ್ಲವಾದರೆ ವೆಲ್ಡ್ ರಂಧ್ರ ರಂಧ್ರವಾಗುತ್ತದೆ. ಸತು ಸುಟ್ಟ ಹೊಗೆ ಕುಡಿದರೆ ಜ್ವರ ಬರುತ್ತದೆ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ.

ಹೊಸ ತಗಡಿಗೆ ನೀರು ಇಳಿಯುವ ತೂತು ಹಾಕಲು ಹೆಚ್ಚಿನ ಟಿಂಕರ್‌ಗಳು ಮರೆಯುತ್ತಾರೆ. ಪ್ರತಿ ಬಾಕ್ಸಿನ ಅತಿ ತಗ್ಗಿನ ಜಾಗದಲ್ಲಿ 8 ಮಿಲಿಮೀಟರಿನದೊಂದು, ಮೇಣ ಹೊಡೆಯುವ ನಳಿಕೆ ತೂರಿಸಲು ಮೇಲ್ಗಡೆ 10ರಿಂದ 12 ಮಿಲಿಮೀಟರಿನದೊಂದು ಇರಲಿ. ಮೇಲಿನದಕ್ಕೆ ಆಮೇಲೆ ರಬ್ಬರ್ ಪ್ಲಗ್. ಚಾಸಿಗೆ ಮಾತ್ರ ಹೊಸ ತೂತು ಕೊರೆಯಬೇಡಿ, ಇರುವ ತೂತುಗಳೇ ಸಾಕು.

ಒಣಗಿಸುವುದು

ಕೆಲಸ ಕೆಡುವುದೇ ಇಲ್ಲಿ. ಒಳಗಿನ ಮಣ್ಣು, ಗ್ರೈಂಡರ್ ಪುಡಿ, ಸಡಿಲ ತುಕ್ಕನ್ನು ಮೊದಲು ಕಂಪ್ರೆಸರ್ ಗಾಳಿಯಲ್ಲಿ ಊದಿ. ಆಮೇಲೆ ಪೈಪಿನಿಂದ ನೀರು ಬಿಡಿ, ಕೆಳಗಿನ ತೂತಿನಿಂದ ಕೆಂಪು ನೀರು ಹೋಗಿ ತಿಳಿನೀರು ಬರುವ ತನಕ. ಗೊಬ್ಬರದ ಉಪ್ಪು ಗಾಳಿಗೆ ಹೋಗುವುದಿಲ್ಲ, ನೀರಿಗೇ ಹೋಗಬೇಕು.

ತೊಳೆದ ಗಾಡಿಯ ಒಂದು ಪಕ್ಕವನ್ನು ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಓರೆಯಾದಾಗ ನಿಂತ ನೀರು ಇಳಿಯುತ್ತದೆ. ಮರುದಿನ ಇನ್ನೊಂದು ಪಕ್ಕ. ನಂತರ ಬಿಸಿಗಾಳಿ ಬ್ಲೋವರ್. ಬರಿ ಕಂಪ್ರೆಸರ್ ಗಾಳಿಯನ್ನೇ ನಂಬಬೇಡಿ, ಅದರ ಟ್ಯಾಂಕಿನಲ್ಲಿ ನೀರಿರುತ್ತದೆ. ದಿನಾ ಬೆಳಿಗ್ಗೆ ಅಡಿಯ ನಲ್ಲಿ ಬಿಚ್ಚಿ ಖಾಲಿ ಮಾಡದಿದ್ದರೆ ಒಣಗಿಸಲು ಹೋಗಿ ಒದ್ದೆ ಮಾಡುತ್ತೀರಿ. ಬಿಸಿಲಿದ್ದರೂ ಕನಿಷ್ಠ ಮೂರು ದಿನ ಬೇಕು.

ಒಣಗಿದೆಯೋ ಇಲ್ಲವೋ ಪರೀಕ್ಷೆ ಹೀಗೆ: ಬಾಕ್ಸಿನ ಎಲ್ಲ ತೂತುಗಳಿಗೂ ಟೇಪ್ ಅಂಟಿಸಿ, ಒಂದಕ್ಕೆ ಮಾತ್ರ ಪಾರದರ್ಶಕ ಪ್ಲಾಸ್ಟಿಕ್ ತುಂಡು ಅಂಟಿಸಿ, ಗಾಡಿಯನ್ನು ಬಿಸಿಲಿಗೆ ಬಿಡಿ. ಎರಡು ಗಂಟೆಯ ಮೇಲೆ ಪ್ಲಾಸ್ಟಿಕ್ಕಿನ ಒಳಮೈ ಮಂಜು ಹಿಡಿದಿದ್ದರೆ ಇನ್ನೂ ತೇವವಿದೆ. ಆ ತೇವದ ಮೇಲೆ ಮೇಣ ಹೊಡೆದರೆ ನೀರನ್ನು ಒಳಗೇ ಇಟ್ಟು ಮುಚ್ಚಳ ಹಾಕಿದಂತೆ.

ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ತುಕ್ಕು ಕನ್ವರ್ಟರ್ ದ್ರಾವಣ ಸುರಿದುಬಿಡೋಣ ಎನ್ನುವವರಿದ್ದಾರೆ. ಫಾಸ್ಫಾರಿಕ್ ಆಮ್ಲದ ಕನ್ವರ್ಟರ್ ಒರೆಸಲು, ತೊಳೆಯಲು ಕೈ ಸಿಗುವ ಕಡೆಗೆ ಸರಿ, ಮುಚ್ಚಿದ ಬಾಕ್ಸಿನೊಳಗೆ ಬೇಡ. ಕೈ ಸಿಗುವಲ್ಲಿ ಎರಡು ಡಬ್ಬಿಯದನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅಗ್ಗದ ರೆಡ್ ಆಕ್ಸೈಡ್ ಒಂದೇ ಕೋಟ್ ಬಳಿದು ಬಿಟ್ಟರೆ ಅದು ನೀರು ತಡೆಯುವುದಿಲ್ಲ.

ಪೇಂಟಿಂಗ್ ಈಗ ಆಗಲಿ. ಮೇಣ ಅದಾದ ಮೇಲೆಯೇ, ಅದೂ ವಾರ ಬಿಟ್ಟು. ಮೊದಲೇ ಹೊಡೆದರೆ ಜಾಯಿಂಟಿನಿಂದ ಜಿನುಗಿ ಪೇಂಟಿನಲ್ಲಿ ಮೀನುಕಣ್ಣಿನಂಥ ಕುಳಿ ಬೀಳುತ್ತದೆ. ಮೇಣ ಹೊಡೆದ ಗಾಡಿಗೆ ಮತ್ತೆ ವೆಲ್ಡಿಂಗ್ ಮಾಡಿಸಿದರೆ ಬೆಂಕಿ ಹತ್ತಬಹುದು.

ಮೇಣ

ಕೊಳ್ಳಬೇಕಾದ್ದು ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಭಾಗದ ಒಳಗೆ ಹೊಡೆಯುವ, ಹರಿಯುವ ಮೇಣ. ಅಂಡರ್‌ಬಾಡಿಗೆ ಹೊಡೆಯುವ ಡಾಂಬರಿನಂಥ ಕಪ್ಪು ಕೋಟಿಂಗ್ ಅಲ್ಲ. ಆ ಕೋಟಿಂಗ್ ಹರಿದು ಜಾಯಿಂಟಿನೊಳಗೆ ಹೋಗುವುದಿಲ್ಲ, ಗಟ್ಟಿಯಾಗಿ ಬಿರುಕು ಬಿಟ್ಟರೆ ಅಡಿಯಲ್ಲೇ ತುಕ್ಕು ಸಾಕುತ್ತದೆ. ಸುಟ್ಟ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಆಮ್ಲವಿದೆ, ರಬ್ಬರ್ ಬುಷ್ ಉಬ್ಬುತ್ತದೆ, ಮೊದಲ ಮಳೆಗೆ ಅಂಗಳಕ್ಕೆ ಇಳಿಯುತ್ತದೆ. ಮೇಣದಬತ್ತಿ ಕರಗಿಸಿ ಸುರಿಯುವುದು ಇನ್ನೂ ಕೆಟ್ಟದ್ದು. ಬಾಕ್ಸಿಗೆ ಫೋಮ್ ತುಂಬಿಸುವವರ ಮಾತಂತೂ ಕೇಳಲೇಬೇಡಿ.

ಜೀಪಿಗೆ ಎರಡೂವರೆ ಲೀಟರ್, ಅಂಬಾಸಿಡರ್‌ಗೆ ಮೂರು ಲೀಟರ್ ಹಿಡಿಯುತ್ತದೆ. ಕಂಪ್ರೆಸರ್‌ಗೆ ಜೋಡಿಸುವ ಗನ್, ಉದ್ದನೆಯ ನಳಿಕೆ, ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಝಲ್ ಬೇಕು. ಒತ್ತಡ 90ರಿಂದ 100 ಪಿಎಸ್‌ಐ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಖಂಡಿತ ಅಲ್ಲ. ಹತ್ತಿರ ಬೀಡಿ ಸಿಗರೇಟು ಬೇಡ.

ಮೊದಲು ಕೈ ಪಳಗಿಸಿಕೊಳ್ಳಿ. ಹಳೇ ಪೇಪರನ್ನು ಕೊಳವೆಯಾಗಿ ಸುತ್ತಿ, ಒಳಗೆ ನಳಿಕೆ ತೂರಿಸಿ ಹೊಡೆದು, ಬಿಚ್ಚಿ ನೋಡಿ. ಪೂರ್ತಿ ಒದ್ದೆಯಾಗಿರಬೇಕು, ಪಟ್ಟೆ ಪಟ್ಟೆ ಇದ್ದರೆ ಎಳೆಯುವ ವೇಗ ಜಾಸ್ತಿಯಾಯಿತು. ಗಾಡಿಯಲ್ಲಿ ನಳಿಕೆಯನ್ನು ಕೊನೆಯ ತನಕ ತಳ್ಳಿ, ಟ್ರಿಗರ್ ಒತ್ತಿ, ಒಂದು ಅಡಿಗೆ ನಾಲ್ಕೈದು ಎಣಿಸುತ್ತಾ ಹಿಂದಕ್ಕೆ ಎಳೆಯಿರಿ. ತುದಿ ತೂತಿನಿಂದ ಎರಡು ಇಂಚು ಒಳಗಿರುವಾಗಲೇ ಟ್ರಿಗರ್ ಬಿಡಿ, ಇಲ್ಲವಾದರೆ ಮುಖಕ್ಕೆ ಬರುತ್ತದೆ. ಎಲ್ಲಿ ಬಿಡಬೇಕೆಂದು ನಳಿಕೆಗೆ ಟೇಪಿನ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಸ್ವಲ್ಪ ಹೊತ್ತಿನಲ್ಲಿ ಜಾಯಿಂಟಿನ ಗೆರೆಯುದ್ದಕ್ಕೂ ಜೇನು ಬಣ್ಣದ ಹನಿ ಹೊರಗೆ ಇಣುಕಬೇಕು. ಇಣುಕದ ಕಡೆ ಮೇಣ ತಲುಪಿಲ್ಲ, ಇನ್ನೊಂದು ತೂತಿನಿಂದ ಹೊಡೆಯಿರಿ.

ಬಾಗಿಲಿಗೆ ಹೊಡೆಯುವಾಗ ಗಾಜು ಪೂರ್ತಿ ಮೇಲಿರಲಿ. ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಎಸೆಯದೆ ವಾಪಸ್ ಅಂಟಿಸಿ. ಬ್ರೇಕ್ ಡ್ರಮ್ಮಿಗೆ ಕವರ್ ಸುತ್ತಿ. ಒಂದು ದಿನ ಬಿಟ್ಟು ಎರಡನೇ ಕೋಟ್. ನಂತರ ನಾಲ್ಕೈದು ದಿನ ಗಾಡಿ ತೊಟ್ಟಿಕ್ಕುತ್ತದೆ, ಅಡಿಗೆ ಹಳೇ ಗೋಣಿಚೀಲ ಹಾಸಿ. ಪೇಂಟಿನ ಮೇಲೆ ಬಿದ್ದದ್ದನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದರಾಯಿತು.

ತೊಟ್ಟಿಕ್ಕುವುದು ನಿಂತ ಮೇಲೆ ಕೆಳಗಿನ 8 ಮಿಲಿಮೀಟರ್ ತೂತುಗಳಿಗೆ ಸೈಕಲ್ ಕಡ್ಡಿ ಆಡಿಸಿ, ಮೇಣ ಕಟ್ಟಿಕೊಂಡಿದ್ದರೆ ಬಿಡಿಸಿ. ಪ್ರತಿ ಮೇ ತಿಂಗಳೂ ಇದೇ ಕಡ್ಡಿ ಕೆಲಸ. ಎರಡು ವರ್ಷಕ್ಕೊಮ್ಮೆ ಕ್ಯಾಮೆರಾ ಇಳಿಸಿ, ಒಣಗಿ ಬರಿದಾದ ಕಡೆಗೆ ಅರ್ಧ ಲೀಟರ್ ಮೇಣ ಮತ್ತೆ ಹೊಡೆಸಿ.