ಎರಡು ಗಡಿ ಕೂಡುವಲ್ಲಿ ಅಗೆಯುತ್ತೇನೆ

ಹಳೆಯ ಹೊಲದ ಬದುವಿಗೆ ಎಷ್ಟು ವಯಸ್ಸು ಎಂದು ಕೇಳಿದರೆ ಹೆಚ್ಚಿನವರು ಅಲ್ಲಿ ಆಯ್ದ ಮಡಕೆ ಚೂರನ್ನು ಮುಂದೆ ಹಿಡಿಯುತ್ತಾರೆ. ಉತ್ತ ಮಣ್ಣಿನಲ್ಲಿ ಸಿಕ್ಕ ಚೂರನ್ನು ನಾನು ಕಾಲ ನಿರ್ಣಯಕ್ಕೆ ಬಳಸುವುದಿಲ್ಲ. ಮನೆಯ ಕಸ ತಿಪ್ಪೆ ಸೇರಿ, ತಿಪ್ಪೆಯ ಗೊಬ್ಬರದ ಜೊತೆ ಹೊಲಕ್ಕೆ ಬಂದು, ಉಳುಮೆಯಲ್ಲಿ ಎಲ್ಲೆಲ್ಲೋ ಚದುರಿರುತ್ತದೆ. ಆ ಚೂರಿನಿಂದ ಹೊಲಕ್ಕೆ ಗೊಬ್ಬರ ಬಿದ್ದ ಕಾಲ ತಿಳಿಯಬಹುದು, ಬದು ಎದ್ದ ಕಾಲ ತಿಳಿಯುವುದಿಲ್ಲ. ಅದಕ್ಕೆ ನೆಲವನ್ನೇ ಕೊಯ್ದು ನೋಡಬೇಕು, ಅದೂ ಸರಿಯಾದ ಜಾಗದಲ್ಲಿ.

ಜಾಗ ಹುಡುಕುವ ಕೆಲಸ ಮೇಜಿನ ಮೇಲೆ ಶುರುವಾಗುತ್ತದೆ. ಹಳೆಯ ಸರ್ವೆ ನಕ್ಷೆ, ವೈಮಾನಿಕ ಚಿತ್ರ, ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಕಾಲಕ್ರಮದಲ್ಲಿ ಮಾಯವಾದ ಗೆರೆಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಪೈರು ಬೆಳೆಯಲು ಕಾಯುತ್ತೇನೆ. ಗಡಿಗೆಂದು ತೋಡಿ ಆಮೇಲೆ ಮುಚ್ಚಿಹೋದ ಕಂದಕದಲ್ಲಿ ಮಣ್ಣು ಆಳವಾಗಿದ್ದು ತೇವ ಉಳಿಯುತ್ತದೆ. ಅದರ ಮೇಲಿನ ಗೋಧಿ, ಬಾರ್ಲಿ ಎತ್ತರ ಬೆಳೆದು ಹೆಚ್ಚು ದಿನ ಹಸಿರಾಗಿರುತ್ತವೆ. ಹೂತ ಕಲ್ಲುಗೋಡೆಯ ಮೇಲಿನ ಪೈರು ಗಿಡ್ಡವಾಗಿ ಬೇಗ ಹಳದಿಗೆ ತಿರುಗುತ್ತದೆ. ಮಳೆ ಕೈಕೊಟ್ಟ ವರ್ಷ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2018ರ ಒಣ ಬೇಸಿಗೆಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಬಳಿಯ ಹೊಲವೊಂದರಲ್ಲಿ ಭಾರಿ ವರ್ತುಲಾಕಾರದ ಆವರಣವೊಂದು ಡ್ರೋನ್ ಕ್ಯಾಮೆರಾಕ್ಕೆ ಸಿಕ್ಕಿದ್ದು ಹೀಗೆಯೇ. ಪೈರಿಲ್ಲದಾಗ ಹೊತ್ತು ಇಳಿಯುವ ಸಮಯ ನೋಡಿ ಹೊಲಕ್ಕೆ ಹೋಗುತ್ತೇನೆ. ಗೇಣೆತ್ತರದ ಉಬ್ಬು ಕೂಡ ಆಗ ಉದ್ದನೆಯ ನೆರಳು ಚೆಲ್ಲುತ್ತದೆ. ನಡುಮಧ್ಯಾಹ್ನ ಅದೇ ನೆಲ ಸಪಾಟಾಗಿ ಕಾಣುತ್ತದೆ.

ಹೊಲದ ಯಜಮಾನರ ಜೊತೆ ಕೂತು ಮಾತಾಡದೆ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ನೇಗಿಲಿಗೆ ಕಲ್ಲು ತಗಲುವ ಸಾಲು ಯಾವುದು, ನೀರು ನಿಲ್ಲುವ ಪಟ್ಟಿ ಎಲ್ಲಿದೆ, ಯಾವ ಬದುವನ್ನು ಕಿತ್ತು ಎರಡು ಹೊಲ ಒಂದು ಮಾಡಿದರು ಎಂಬುದನ್ನು ಅವರಷ್ಟು ನಿಖರವಾಗಿ ಯಾವ ನಕ್ಷೆಯೂ ಹೇಳಲಾರದು. ಉಪಕರಣವೂ ದುಬಾರಿಯಾಗಿಯೇ ಇರಬೇಕೆಂದಿಲ್ಲ. ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಶಾಲಾ ಶಿಕ್ಷಕ ಪ್ಯಾಟ್ರಿಕ್ ಕಾಲ್‌ಫೀಲ್ಡ್ 1930ರ ದಶಕದಲ್ಲಿ ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತ ಗಿಡಗಳಿಂದಾದ ಮಣ್ಣಿನ ಪದರದ ಅಡಿಯಲ್ಲಿ ಕಲ್ಲಿನ ಸಾಲುಗಳನ್ನು ಗಮನಿಸಿದರು. ಮುಂದೆ ಅವರ ಮಗ ಶೇಮಸ್ ಕಬ್ಬಿಣದ ಸರಳನ್ನು ಚುಚ್ಚುತ್ತಾ ಸಾಗಿ, ಸರಳು ಬೇಗ ತಡೆದಲ್ಲೆಲ್ಲ ಗುರುತು ಮಾಡಿ, ಹೂತ ಹೊಲಗಳ ನಕ್ಷೆಯನ್ನೇ ತೆಗೆದರು. ಮೆದು ನೆಲದಲ್ಲಿ ನಾನು ಇಂದಿಗೂ ಸರಳನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಕಂದಕಗಳನ್ನು ಹುಡುಕಲು ಕಾಂತಕ್ಷೇತ್ರದ ಸಣ್ಣ ಏರುಪೇರನ್ನೂ ಅಳೆಯುವ ಕಾಂತಮಾಪಕ ಬೇಕು. ಕಾಂತಕ್ಷೇತ್ರವನ್ನು ಅಳೆಯುವ ಮಾನದಲ್ಲಿ ಹೇಳುವುದಾದರೆ, ಭೂಮಿಯದು ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾ. ಮುಚ್ಚಿದ ಕಂದಕ ತೋರುವ ವ್ಯತ್ಯಾಸ ಎಷ್ಟೋ ಸಲ ಕೆಲವೇ ನ್ಯಾನೋಟೆಸ್ಲಾ. ಆದ್ದರಿಂದ ಬೆಲ್ಟಿನ ಬಕ್ಕಲ್, ಬೂಟಿನ ಮೊಳೆ, ಜೇಬಿನ ಮೊಬೈಲ್ ಎಲ್ಲವನ್ನೂ ಬಿಟ್ಟು ನಡೆಯಬೇಕು. ಹಳೆಯ ಗಡಿಯ ಮೇಲೆಯೇ ಈಗ ತಂತಿ ಬೇಲಿ ಇದ್ದರೆ ಈ ಉಪಕರಣ ಅಲ್ಲಿ ಕುರುಡು.

ಇಷ್ಟಾದ ಮೇಲೆ ಅಗೆತ. ಕಂದಕವನ್ನು ನಡುವೆ ಎಲ್ಲೋ ಅಡ್ಡ ಕೊಯ್ದರೆ ಅದರ ಆಳ, ಆಕಾರ ಸಿಗುತ್ತದೆ, ಅಷ್ಟೇ. ಎರಡು ಗಡಿಗಳು ಕೂಡುವಲ್ಲಿ ಕೊಯ್ದರೆ ಅವುಗಳ ನಂಟೂ ಸಿಗುತ್ತದೆ. ಕರಣೆಯಿಂದ ಮಣ್ಣನ್ನು ನುಣ್ಣಗೆ ಕೆರೆದು ನೀರು ಚಿಮುಕಿಸಿದರೆ ಬಣ್ಣಗಳು ಬೇರ್ಪಡುತ್ತವೆ. ಒಂದರ ಹೂಳನ್ನು ಇನ್ನೊಂದರ ಅಂಚು ಕತ್ತರಿಸಿದ್ದರೆ ಕತ್ತರಿಸಿದ್ದು ನಂತರದ್ದು. ಹೂಳು ಅಂಚಿಲ್ಲದೆ ಒಂದಾಗಿದ್ದರೆ ಎರಡೂ ಒಂದೇ ಕಾಲದಲ್ಲಿ ತುಂಬಿದವು. ಒಮ್ಮೆ ಚೌಕದ ಆವರಣವೊಂದು ನಕ್ಷೆಯಲ್ಲಿ ಹೊಲದ ಮೂಲೆಗೆ ಅಂದವಾಗಿ ಕೂತಿತ್ತು. ಎರಡೂ ಒಟ್ಟಿಗೆ ಆದವು ಎನ್ನುವಂತಿತ್ತು. ಕೂಡುವ ಜಾಗದಲ್ಲಿ ನೋಡಿದರೆ, ಆವರಣದ ಕಂದಕ ಪೂರ್ತಿ ತುಂಬಿದ ಮೇಲೆ ಹೊಲದ ಗಡಿ ಅದನ್ನು ಸೀಳಿಕೊಂಡು ಹೋಗಿತ್ತು. ಆದರೂ ಆ ಗಡಿ ಅಲ್ಲಿ ತನ್ನ ದಿಕ್ಕು ಬದಲಿಸಿತ್ತು. ಕಂದಕ ಮುಚ್ಚಿದ್ದರೂ ಆವರಣದ ದಿಬ್ಬ ಆಗ ಇನ್ನೂ ನಿಂತಿತ್ತು ಎಂದು ತೀರ್ಮಾನಿಸಿದೆ. ಪಾಳುಬಿದ್ದ ಆವರಣವನ್ನು ಕಣ್ಣೆದುರು ಇಟ್ಟುಕೊಂಡೇ ಯಾರೋ ಹೊಲ ಅಳೆದಿದ್ದರು. ಇಂಥ ತಿಳಿವಳಿಕೆಗಾಗಿಯೇ ನಾನು ಈ ಕೆಲಸ ಮಾಡುವುದು.

ಕಂದಕದ ತಳದ ಹೂಳು ಬಹಳ ಬೇಗ ಬೀಳುತ್ತದೆ. ಇಂಗ್ಲೆಂಡಿನ ಓವರ್ಟನ್ ಡೌನ್‌ನಲ್ಲಿ 1960ರಲ್ಲಿ ಪ್ರಯೋಗಕ್ಕೆಂದೇ ದಿಬ್ಬ ಮತ್ತು ಕಂದಕ ನಿರ್ಮಿಸಿ, ವರ್ಷಗಳ ಅಂತರದಲ್ಲಿ ಕೊಯ್ದು ನೋಡಿದ್ದಾರೆ. ಅಲ್ಲಿನ ಸೀಮೆಸುಣ್ಣದ ಕಲ್ಲಿನ ನೆಲದಲ್ಲಿ ಅಂಚು ಕುಸಿದು ತಳ ತುಂಬುವುದು ಮೊದಲ ಕೆಲವು ವರ್ಷಗಳಲ್ಲೇ ಜೋರಾಗಿ ನಡೆಯಿತು. ಹಾಗಾದರೆ ತಳದ ಹೂಳೇ ಗಡಿಯ ಹುಟ್ಟಿನ ಕಾಲವೇ? ಹೊಲದ ಕಂದಕಗಳಲ್ಲಿ ಹಾಗೆನ್ನಲು ಬರುವುದಿಲ್ಲ. ಬಳಸುತ್ತಿದ್ದಷ್ಟು ಕಾಲ ರೈತರು ಅವುಗಳ ಹೂಳೆತ್ತುತ್ತಲೇ ಇರುತ್ತಾರೆ. ತಳದಲ್ಲಿ ಉಳಿದಿರುವುದು ಕೊನೆಯ ಸಲ ಹೂಳೆತ್ತಿದ ನಂತರದ ಮಣ್ಣು.

ಹುಟ್ಟಿನ ಕಾಲ ಪಕ್ಕದ ಬದುವಿನ ಅಡಿಯಲ್ಲಿರುತ್ತದೆ. ಮೊದಲ ಬುಟ್ಟಿ ಮಣ್ಣು ಬಿದ್ದಾಗ ಮುಚ್ಚಿಹೋದ ಹಳೆಯ ನೆಲ ಅಲ್ಲಿ ಕಪ್ಪು ಪಟ್ಟಿಯಾಗಿ ಕಾಣುವುದುಂಟು. ಆದ್ದರಿಂದ ನನ್ನ ಕೊಯ್ತ ಯಾವಾಗಲೂ ಕಂದಕ, ಬದು ಎರಡನ್ನೂ ದಾಟುತ್ತದೆ. ಆ ಪಟ್ಟಿಗೆ ಉಕ್ಕಿನ ಕೊಳವೆಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ, ಹೊರತೆಗೆದ ಕೂಡಲೇ ಎರಡೂ ತುದಿ ಮುಚ್ಚಿ ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತುತ್ತೇನೆ. ಒಳಗಿನ ಸ್ಫಟಿಕ ಶಿಲೆಯ ಮರಳಿನ ಕಣಗಳು ಕೊನೆಯ ಬಾರಿ ಬೆಳಕು ಕಂಡದ್ದು ಯಾವಾಗ ಎಂದು ಪ್ರಯೋಗಾಲಯ ಅಳೆಯುತ್ತದೆ. ದಾರಿಯಲ್ಲಿ ಬಿಸಿಲು ತಾಗಿದರೆ ಆ ಲೆಕ್ಕ ಅಳಿಸಿಹೋಗುತ್ತದೆ. ಇಳಿಜಾರಿನ ಹೊಲದಲ್ಲಿ ಒಂದು ಮಾದರಿ ಸಾಲದು. ಅಲ್ಲಿ ಪ್ರತಿ ಉಳುಮೆಗೂ ಮಣ್ಣು ಜಾರಿ ಕೆಳಬದುವಿಗೆ ಒತ್ತಿ ಏರುತ್ತದೆ. ಬುಡದಿಂದ ಮೇಲಿನವರೆಗೆ ಹಲವು ಕೊಳವೆ ಇಟ್ಟರೆ ಆ ಹೊಲವನ್ನು ಯಾವಾಗಿನಿಂದ ಯಾವಾಗಿನವರೆಗೆ ಉತ್ತರು ಎಂಬುದೂ ತಿಳಿಯುತ್ತದೆ.